ಬರ್ಲಿನ್ ಯಾರ ಪೈಕಿ?

ಎಂ.ಎ. ಓದುವಾಗ ಒಂದು ಮಧ್ಯಾಹ್ನ ಗ್ರಂಥಾಲಯದ ಕೌಂಟರಿನಲ್ಲಿ ಚೀಟಿ ಕೊಟ್ಟೆ. ಅದರಲ್ಲಿ ಬರೆದಿದ್ದು ಒಂದೇ ಪದ, ‘ಬರ್ಲಿನ್’. ಹಿಂದಿನ ದಿನ ನಮ್ಮ ಮೇಷ್ಟ್ರು ಸ್ವಾತಂತ್ರ್ಯ ಅಂದರೇನು ಅಂತ ಪಾಠ ಮಾಡುತ್ತಾ ಆ ಹೆಸರು ಹೇಳಿದ್ದರು. ಪುಸ್ತಕದ ಹೆಸರು ನಾನು ಬರೆದುಕೊಂಡಿರಲಿಲ್ಲ. ಅಟೆಂಡರ್ ಒಳಗೆ ಹೋಗಿ, ಸ್ವಲ್ಪ ಹೊತ್ತು ಹುಡುಕಿ, ಒಂದು ಪುಸ್ತಕ ತಂದು ಕೈಗಿಟ್ಟರು. ಹಾಸ್ಟೆಲ್ಲಿಗೆ ಬಂದು ತೆರೆದರೆ ಸ್ವಾತಂತ್ರ್ಯದ ಸುದ್ದಿಯೇ ಇಲ್ಲ. ತುಂಬ ಬಣ್ಣಗಳ ಮಾತು. ಯಾವ ಭಾಷೆಯಲ್ಲಿ ಎಷ್ಟು ಬಣ್ಣಕ್ಕೆ ಹೆಸರಿದೆ ಅನ್ನುವ ಲೆಕ್ಕ.

ನನಗೆ ಬೇಕಿದ್ದವರು ರಾಜಕೀಯ ಚಿಂತಕ ಐಸಾಯಾ ಬರ್ಲಿನ್. ಸಿಕ್ಕವರು ಅಮೆರಿಕದ ಮಾನವಶಾಸ್ತ್ರಜ್ಞ ಬ್ರೆಂಟ್ ಬರ್ಲಿನ್.

ವಾಪಸ್ ಕೊಡುವ ಮೊದಲು ಆ ಪುಸ್ತಕವನ್ನು ಪೂರ್ತಿ ಓದಿದೆ. ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಸೇರಿ 1969ರಲ್ಲಿ ತಂದದ್ದು ಅದು. 98 ಭಾಷೆಗಳನ್ನು ನೋಡಿ ಅವರು ಒಂದು ಮಾತು ಹೇಳಿದ್ದರು. ಭಾಷೆಗಳು ಬಣ್ಣಕ್ಕೆ ಹೆಸರಿಡುವುದು ಮನಸ್ಸಿಗೆ ಬಂದ ಹಾಗಲ್ಲ, ಅದಕ್ಕೊಂದು ವರಸೆ ಇದೆ. ಎರಡೇ ಹೆಸರಿದ್ದರೆ ಅವು ಕಪ್ಪು ಮತ್ತು ಬಿಳಿ. ಮೂರನೆಯದು ಬಂದರೆ ಕೆಂಪು. ಆಮೇಲೆ ಹಸಿರು, ಹಳದಿ. ಆಮೇಲೆ ನೀಲಿ, ಅದರ ಹಿಂದೆ ಕಂದು. ನೇರಳೆ, ಗುಲಾಬಿ, ಕಿತ್ತಳೆ, ಬೂದು ಬಣ್ಣಗಳಿಗೆ ಹೆಸರು ಬರುವುದು ಕೊನೆಗೆ. ಈ ಮಾತಿನ ಮೇಲೆ ಆಮೇಲೆ ಬೇಕಾದಷ್ಟು ಜಗಳ ನಡೆದಿದೆ. ಆದರೆ ಅವತ್ತು ಮಂಚದ ಮೇಲೆ ಕೂತು ನಾನು ಕನ್ನಡದ ಬಣ್ಣಗಳನ್ನು ಒಂದೊಂದಾಗಿ ಎಣಿಸಿದ್ದು ಇನ್ನೂ ನೆನಪಿದೆ. ಕರಿ, ಬಿಳಿ, ಕೆಂಪು, ಹಸಿರು ನಮ್ಮವೇ ಹಳೇ ಪದಗಳು. ಹಸಿರಿನ ಒಳಗೆ ‘ಹಸಿ’ ಇದೆ. ಹಳದಿಯೊಳಗೆ ಅರಿಸಿನ ಇದೆ. ನೀಲಿ ಸಂಸ್ಕೃತದಿಂದ ಬಂತು. ಕೊನೆಯ ನಾಲ್ಕನ್ನು ನೋಡಿ. ನೇರಳೆ ಹಣ್ಣು, ಕಿತ್ತಳೆ ಹಣ್ಣು, ಗುಲಾಬಿ ಹೂವು, ಒಲೆಯ ಬೂದಿ. ನಾಲ್ಕಕ್ಕೂ ಸ್ವಂತ ಹೆಸರಿಲ್ಲ, ಒಂದು ವಸ್ತುವಿನ ಹೆಸರನ್ನೇ ಹೊತ್ತುಕೊಂಡು ಬಂದಿವೆ. ಹೆಸರು ಅನ್ನುವುದು ಹೀಗೂ ಬರುತ್ತದೆ, ಪಕ್ಕದಲ್ಲಿದ್ದ ಯಾವುದರದ್ದೋ ಹೆಸರು ಇನ್ಯಾವುದಕ್ಕೋ ಅಂಟಿಕೊಳ್ಳುತ್ತದೆ ಅಂತ ನಾನು ಮೊದಲು ಯೋಚಿಸಿದ್ದು ಅವತ್ತೇ.

ಮುಂದಿನ ವಾರ ಸರಿಯಾದ ಬರ್ಲಿನ್ ಸಿಕ್ಕರು. ಅವರು 1958ರ ಅಕ್ಟೋಬರ್ 31ರಂದು ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸ ಆ ಪುಸ್ತಕದಲ್ಲಿತ್ತು. ‘ಸ್ವಾತಂತ್ರ್ಯದ ಎರಡು ಪರಿಕಲ್ಪನೆಗಳು’ ಅಂತ ಅದನ್ನು ಕನ್ನಡದಲ್ಲಿ ಕರೆಯಬಹುದು. ರಾಜ್ಯಶಾಸ್ತ್ರ ಓದುವ ಪ್ರತಿಯೊಬ್ಬರೂ ಯಾವತ್ತೋ ಒಮ್ಮೆ ಅದರ ಎದುರು ಕೂರಲೇಬೇಕು. ಇಪ್ಪತ್ತೈದು ವರ್ಷದಿಂದ ನಾನು ಡಿಗ್ರಿ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದೇನೆ. ಮಕ್ಕಳಿಗೆ ಹೀಗೆ ಹೇಳುತ್ತೇನೆ. ಸ್ವಾತಂತ್ರ್ಯ ಅಂದಾಗ ನಾವು ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಿರುತ್ತೇವೆ. ಒಂದು, ಯಾರೂ ಅಡ್ಡ ಬಾರದೆ ನಾನು ಬದುಕುವ ಜಾಗ ಎಷ್ಟಿದೆ? ನಮ್ಮ ಮಾತಿನಲ್ಲಿ ಅದು ‘ನನ್ನ ಪಾಡಿಗೆ ನನ್ನನ್ನು ಬಿಡಿ’. ಇನ್ನೊಂದು, ನನ್ನ ಮೇಲೆ ಯಜಮಾನಿಕೆ ಯಾರದು? ಅದು ‘ನನ್ನ ಬದುಕಿಗೆ ನಾನೇ ಯಜಮಾನಿ’.

ಎರಡೂ ಬೇಕಾದವೇ. ಆದರೆ ಎರಡನೆಯದು ಬಹಳ ಸುಲಭವಾಗಿ ದಾರಿ ತಪ್ಪುತ್ತದೆ ಅನ್ನುವುದು ಬರ್ಲಿನ್ ಅವರ ಆತಂಕ. ಯಾರಾದರೂ ಬಂದು, ನಿನ್ನೊಳಗೆ ನಿಜವಾದ ನೀನು ಬೇರೆ ಇದ್ದೀಯ, ಆ ನಿನಗೆ ಏನು ಬೇಕು ಅಂತ ನಿನಗಿಂತ ನನಗೆ ಜಾಸ್ತಿ ಗೊತ್ತು ಅನ್ನಬಹುದು. ಹಾಗಂದವರು ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾ, ಇದೇ ನಿನ್ನ ಸ್ವಾತಂತ್ರ್ಯ ಅಂತಲೂ ಹೇಳಬಹುದು. ಇದನ್ನು ಓದಿದಾಗ ನನಗೆ ಇಪ್ಪತ್ತೆರಡು. ‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’ ಅನ್ನುವ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳಿ ಬೆಳೆದವಳು ನಾನು. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದ್ದರು. ಪ್ರೀತಿಯಿಂದ ಹೇಳಿದರೂ ಅದರಲ್ಲಿ ಏನೋ ಮುಳ್ಳಿದೆ ಅಂತ ನನಗೆ ಅನಿಸುತ್ತಿತ್ತು. ಆ ಮುಳ್ಳು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದವರು, ನನ್ನ ಊರು, ನನ್ನ ಭಾಷೆ ಯಾವುದೂ ಗೊತ್ತಿಲ್ಲದ ಈ ಮನುಷ್ಯ. ಅವತ್ತಿನಿಂದ ಅವರು ನನಗೆ ಹತ್ತಿರದವರು.

ಹತ್ತಿರದವರು ಅಂದ ಮೇಲೆ ಅವರ ಮನೆತನ ತಿಳಿಯಬೇಕು ಅನಿಸುವುದು ಸಹಜ, ಅಲ್ವಾ? ಹಾಗೆ ಹುಡುಕುತ್ತಾ ಹೋದಾಗ ಬೇರೆ ಬರ್ಲಿನ್‌ಗಳು ಒಬ್ಬೊಬ್ಬರಾಗಿ ಎದುರಾದರು.

ಐಸಾಯಾ ಹುಟ್ಟಿದ್ದು 1909ರ ಜೂನ್ 6ರಂದು, ರೀಗಾ ಪಟ್ಟಣದಲ್ಲಿ. ಈಗ ಅದು ಲಾಟ್ವಿಯಾದ ರಾಜಧಾನಿ, ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಯಹೂದಿ ಮನೆತನ. ಅಪ್ಪ ಮೆಂಡೆಲ್ ಬರ್ಲಿನ್ ಮರದ ವ್ಯಾಪಾರಿ. ಹುಟ್ಟುವಾಗ ಇಕ್ಕಳ ಹಾಕಿ ಎಳೆದದ್ದರಿಂದ ಮಗುವಿನ ಎಡಗೈಗೆ ಪೆಟ್ಟಾಯಿತು, ಅದು ಕೊನೆಯವರೆಗೂ ಸರಿಹೋಗಲಿಲ್ಲ. ಮಗುವಿಗೆ ಐಸಾಯಾ ಅಂತ ಹೆಸರಿಟ್ಟದ್ದು ಮುತ್ತಜ್ಜನ ನೆನಪಿಗೆ. ಮರದ ವ್ಯಾಪಾರವನ್ನು ದೊಡ್ಡದಾಗಿ ಬೆಳೆಸಿದವರು ಅವರೇ. ಅವರೂ ಐಸಾಯಾ ಬರ್ಲಿನ್. ಆದರೆ ಅವರು ರಕ್ತದ ಮುತ್ತಜ್ಜ ಅಲ್ಲ, ದತ್ತು ಮುತ್ತಜ್ಜ. ಅಂದರೆ ನನ್ನ ಚಿಂತಕರ ಮೊದಲ ಹೆಸರು, ಕೊನೆಯ ಹೆಸರು ಎರಡೂ ಅವರಿಗೆ ಬಂದದ್ದು ದತ್ತಿನ ದಾರಿಯಿಂದ.

ಇದಕ್ಕಿಂತ ಹಿಂದೆ, 18ನೇ ಶತಮಾನದಲ್ಲಿ ಇನ್ನೂ ಒಬ್ಬರು ಐಸಾಯಾ ಬರ್ಲಿನ್ ಇದ್ದರು. ಅವರು ಬ್ರೆಸ್ಲೌ ಪಟ್ಟಣದಲ್ಲಿ ಯಹೂದಿಗಳ ಧರ್ಮಗುರು, ತಾಲ್ಮೂದ್ ಅನ್ನುವ ಧರ್ಮಗ್ರಂಥಕ್ಕೆ ಟಿಪ್ಪಣಿ ಬರೆದವರು. 1799ರಲ್ಲಿ ತೀರಿಕೊಂಡರು. ಅವರ ಕಥೆ ಬೇರೆ.

ಎಲ್ಲರೂ ಹೇಳುವ ಕಥೆ ಮಾತ್ರ ಇನ್ನೊಬ್ಬ ‘ಐ. ಬರ್ಲಿನ್’ದು. ಎರಡನೇ ಮಹಾಯುದ್ಧದ ಕಾಲ. ಐಸಾಯಾ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದರು. ಅಮೆರಿಕದಲ್ಲಿ ಯಾರು ಏನು ಯೋಚಿಸುತ್ತಿದ್ದಾರೆ, ಯಾವ ಪಕ್ಷದಲ್ಲಿ ಏನು ನಡೆಯುತ್ತಿದೆ ಅಂತ ವಾರ ವಾರ ಲಂಡನ್ನಿಗೆ ವರದಿ ಹೋಗುತ್ತಿತ್ತು. ಬರೆಯುತ್ತಿದ್ದವರು ಇವರು. ಪ್ರಧಾನಿ ಚರ್ಚಿಲ್ ಅದನ್ನು ಇಷ್ಟಪಟ್ಟು ಓದುತ್ತಿದ್ದರು. ಇದನ್ನು ಬರೆಯುವವರು ಯಾರು ಅಂತ ವಿಚಾರಿಸಿ ಬರ್ಲಿನ್ ಅನ್ನುವ ಹೆಸರು ತಿಳಿದುಕೊಂಡಿದ್ದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹಾಡು ಬರೆಯುವವರಲ್ಲಿ ದೊಡ್ಡ ಹೆಸರಾಗಿದ್ದ ಅರ್ವಿಂಗ್ ಬರ್ಲಿನ್ ಲಂಡನ್ನಿಗೆ ಬಂದಿದ್ದರು. ಸೈನಿಕರೇ ಕುಣಿದು ಹಾಡುವ ಒಂದು ಪ್ರದರ್ಶನವನ್ನು ಅವರು ಕಟ್ಟಿದ್ದರು. ಅದರ ದುಡ್ಡು ಯುದ್ಧದಲ್ಲಿ ನೊಂದವರಿಗೆ ಹೋಗುತ್ತಿತ್ತು, ಅವರು ಸ್ವಂತಕ್ಕೆ ಒಂದು ಕಾಸೂ ಮುಟ್ಟಲಿಲ್ಲ. ಬರ್ಲಿನ್ ಲಂಡನ್ನಿನಲ್ಲಿದ್ದಾರೆ ಅಂತ ಚರ್ಚಿಲ್ ಕಿವಿಗೆ ಬಿತ್ತು. 1944ರ ಫೆಬ್ರುವರಿ 9ರಂದು ಅವರನ್ನು ಊಟಕ್ಕೆ ಕರೆದರು.

ಊಟದ ಮೇಜಿನಲ್ಲಿ ಚರ್ಚಿಲ್ ಕೇಳಿದ್ದೆಲ್ಲ ರಾಜಕೀಯದ ಪ್ರಶ್ನೆ. ಯುದ್ಧ ಯಾವಾಗ ಮುಗಿಯಬಹುದು? ರೂಸ್‌ವೆಲ್ಟ್ ಮತ್ತೆ ಗೆಲ್ಲುತ್ತಾರಾ? ಇತ್ತೀಚೆಗೆ ನೀವು ಬರೆದದ್ದರಲ್ಲಿ ಬಹಳ ಮುಖ್ಯ ಅಂತ ಯಾವುದನ್ನು ಹೇಳುತ್ತೀರಿ? ಅರ್ವಿಂಗ್ ಸ್ವಲ್ಪ ತಡವರಿಸಿ, ‘ವೈಟ್ ಕ್ರಿಸ್ಮಸ್’ ಇರಬೇಕು ಅಂದರಂತೆ. ಈ ಕಥೆಗೆ ಹೇಳುವವರಿಗೊಂದು ರೂಪ ಇದೆ. ಬಂದವರು ಬೇರೆ ಬರ್ಲಿನ್ ಅಂತ ಆಮೇಲೆ ತಿಳಿದು ಚರ್ಚಿಲ್ ಹೊಟ್ಟೆ ಹಿಡಿದುಕೊಂಡು ನಕ್ಕರು ಅನ್ನುತ್ತಾರೆ. ಮಂತ್ರಿಗಳಿಗೆಲ್ಲ ಹೇಳಿದರು, ಊರೆಲ್ಲ ಹರಡಿತು. ವಾಷಿಂಗ್ಟನ್ನಿನಲ್ಲಿದ್ದ ಐಸಾಯಾ ಕೂಡ ಮುಂದೆ ಬಹಳ ಸಲ ಇದನ್ನು ಹೇಳಿದರು.

ಎಲ್ಲರೂ ನಗುವ ಈ ಕಥೆಯಲ್ಲಿ ನನಗೆ ಅರ್ವಿಂಗ್ ಅವರ ಬಗ್ಗೆ ಮರುಕ ಹುಟ್ಟುತ್ತದೆ. ದೊಡ್ಡ ಮನೆಯ ಊಟಕ್ಕೆ ಕೂತಿದ್ದಾರೆ. ಎಲ್ಲ ಗೌರವವೂ ಸಿಗುತ್ತಿದೆ. ಆದರೆ ಎದುರಿಗಿದ್ದವರು ನೋಡುತ್ತಿರುವುದು ಇನ್ಯಾರನ್ನೋ. ಕೇಳಿದ ಪ್ರಶ್ನೆಗಳಲ್ಲಿ ಒಂದೂ ಅವರದಲ್ಲ. ನೀವು ಕಟ್ಟಿದ ಹಾಡು ನಮ್ಮ ಸೈನಿಕರ ಬಾಯಲ್ಲಿದೆ ಅಂತ ಆ ಮೇಜಿನಲ್ಲಿ ಒಂದು ಮಾತು ಬಂದಿದ್ದರೆ ಸಾಕಿತ್ತು. ಅವರೇನು ಕಡಿಮೆಯವರಾಗಿರಲಿಲ್ಲ. 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ಆ ಕ್ರಿಸ್ಮಸ್ ಹಾಡು ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಧ್ವನಿಮುದ್ರಿಕೆ ಅನ್ನುತ್ತಾರೆ. ಬರೆದವರು ಯಹೂದಿ ಪೂಜಾಗಾಯಕರ ಮಗ. ಅವರ ಗಂಡು ಮಗು ಒಂದು ತಿಂಗಳೂ ತುಂಬದೆ 1928ರ ಡಿಸೆಂಬರ್ 25ರಂದೇ ತೀರಿಕೊಂಡಿತ್ತು. ಇದು ಗೊತ್ತಾದ ಮೇಲೆ ಆ ಹಾಡನ್ನು ಮೊದಲಿನ ಹಾಗೆ ಕೇಳಲು ನನ್ನಿಂದ ಆಗಿಲ್ಲ.

ಇನ್ನು ಅವರ ಹೆಸರಿನ ವಿಚಾರ. ಅವರು ಹುಟ್ಟುವಾಗ ಬರ್ಲಿನ್ ಆಗಿರಲೇ ಇಲ್ಲ. 1888ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಆ ಮಗುವಿನ ಹೆಸರು ಇಸ್ರೇಲ್ ಬೇಲಿನ್. ಯಹೂದಿಗಳ ಮೇಲೆ ದಾಳಿ ನಡೆದು ಮನೆ ಸುಟ್ಟಾಗ, ರಸ್ತೆ ಬದಿಯಲ್ಲಿ ಕಂಬಳಿಯ ಮೇಲೆ ಮಲಗಿ ಬೆಂಕಿ ನೋಡುತ್ತಿದ್ದೆ ಅನ್ನುವುದೊಂದೇ ಆ ದೇಶದ ಬಗ್ಗೆ ತನಗಿರುವ ನೆನಪು ಅಂತ ಅವರು ಹೇಳುತ್ತಿದ್ದರು. 1893ರಲ್ಲಿ, ಐದು ವರ್ಷದವನಿದ್ದಾಗ, ಮನೆಯವರ ಜೊತೆ ನ್ಯೂಯಾರ್ಕಿಗೆ ಬಂದರು. ಅಲ್ಲಿ ಹೆಸರು ‘ಬೇಲೈನ್’ ಆಯಿತು. ಹದಿಮೂರಕ್ಕೆ ಅಪ್ಪ ಹೋದರು. ಬೀದಿಯಲ್ಲಿ ಪತ್ರಿಕೆ ಮಾರಿ, ಹೋಟೆಲಿನಲ್ಲಿ ಹಾಡುತ್ತಾ ಬಡಿಸಿ ಬೆಳೆದ ಹುಡುಗ. ಸ್ವರ ಬರೆಯಲು ಕೊನೆಯವರೆಗೂ ಬರಲಿಲ್ಲ. ಪಿಯಾನೋದ ಕಪ್ಪು ಮನೆಗಳಲ್ಲೇ ಬೆರಳಾಡಿಸಿ ಹಾಡು ಕಟ್ಟಿದರು. 1907ರಲ್ಲಿ ಅವರ ಮೊದಲ ಹಾಡು ಅಚ್ಚಾಯಿತು. ಬರೆದವರು ಅನ್ನುವ ಕಡೆ ಇದ್ದದ್ದು ‘ಐ. ಬರ್ಲಿನ್’. ಅಚ್ಚಿನ ಮನೆಯವರ ತಪ್ಪು ಅನ್ನುತ್ತಾರೆ. ಆ ಹುಡುಗ ಅದನ್ನು ತಿದ್ದಿಸಲಿಲ್ಲ, ಇಟ್ಟುಕೊಂಡ.

ಇದಾಗಿ ಎರಡು ವರ್ಷಕ್ಕೆ ರೀಗಾದಲ್ಲಿ ಇನ್ನೊಬ್ಬ ಐ. ಬರ್ಲಿನ್ ಹುಟ್ಟಿದ. ಒಬ್ಬರಿಗೆ ದತ್ತಿನಿಂದ ಬಂದ ಹೆಸರು, ಇನ್ನೊಬ್ಬರಿಗೆ ಅಚ್ಚಿನ ತಪ್ಪಿನಿಂದ. ಲೈಬ್ರರಿಯ ಕಾರ್ಡಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದ ಪ್ರಕಾರ ಜೋಡಿಸಿದರೆ ಅರ್ವಿಂಗ್ ಮತ್ತು ಐಸಾಯಾ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುತ್ತಾರೆ. ನನ್ನ ಕೈಗೆ ತಪ್ಪು ಪುಸ್ತಕ ಬಂದ ಹಾಗೆಯೇ ಚರ್ಚಿಲ್ ಮೇಜಿಗೆ ಬೇರೆ ಬರ್ಲಿನ್ ಬಂದರು.

ಬೇಲಿನ್ ಅಂದರೇನು ಅಂತ ಹುಡುಕಿದೆ. ಪೂರ್ವ ಯೂರೋಪಿನ ಯಹೂದಿಗಳಲ್ಲಿ ಬೇಲಾ ಅನ್ನುವುದು ಹೆಂಗಸರ ಹೆಸರು. ಕೊನೆಯ ‘ಇನ್’ ಸ್ಲಾವ್ ಭಾಷೆಗಳ ಪ್ರತ್ಯಯ, ನಮ್ಮ ಷಷ್ಠಿ ವಿಭಕ್ತಿಯ ಹಾಗೆ. ಬೇಲಿನ್ ಅಂದರೆ ಬೇಲಾಳ, ಬೇಲಾಳ ಪೈಕಿ. ಯಾವುದೋ ಕಾಲದಲ್ಲಿ ಬೇಲಾ ಅನ್ನುವ ಒಬ್ಬ ಹೆಂಗಸು ಊರಿನಲ್ಲಿ ಎಷ್ಟು ಗುರುತಿನವಳಾಗಿದ್ದಳು ಅಂದರೆ, ಆ ಮನೆಯ ಗಂಡಸರನ್ನೂ ಅವಳ ಹೆಸರಿನಿಂದಲೇ ಕರೆದರು. ಅವಳು ವ್ಯಾಪಾರ ಮಾಡುತ್ತಿದ್ದಳೋ, ಗಂಡ ಸತ್ತ ಮೇಲೆ ಮಕ್ಕಳನ್ನು ಒಬ್ಬಳೇ ಸಾಕಿದಳೋ. ಅವಳ ಹೆಸರು ಅಷ್ಟು ದೂರ ನಡೆದು ಬಂದು, ನ್ಯೂಯಾರ್ಕಿನ ಒಂದು ಅಚ್ಚಿನ ಮನೆಯಲ್ಲಿ ಅಳಿಸಿಹೋಯಿತು. ನನಗೆ ಈ ಇಡೀ ಕಥೆಯಲ್ಲಿ ಬಹಳ ಕಾಡುವವಳು ಆ ಬೇಲಾ.

‘ಬರ್ಲಿನ್’ ಕೂಡ ಹಾಗೇ ಬಂದಿರಬಹುದು. ಬೆರ್ ಅಂದರೆ ಕರಡಿ, ಅದು ಯಹೂದಿ ಗಂಡಸರ ಹೆಸರೂ ಹೌದು, ಮುದ್ದಿಗೆ ಕರೆದರೆ ಬೆರ್ಲ್. ಬೆರ್ಲನ ಪೈಕಿ ಅಂದರೆ ಬೆರ್ಲಿನ್. ಇಲ್ಲವೇ ಅದು ಸುಮ್ನೆ ಊರಿನ ಹೆಸರು. ಊರ ಹೆಸರು ಮನುಷ್ಯನಿಗೆ ಯಾವಾಗ ಅಂಟುತ್ತದೆ ಅಂತ ಯೋಚಿಸಿ. ಬರ್ಲಿನ್ನಿನಲ್ಲೇ ಇರುವವನನ್ನು ಯಾರೂ ಬರ್ಲಿನ್ ಅಂತ ಕರೆಯುವುದಿಲ್ಲ. ಅವನು ಆ ಊರು ಬಿಟ್ಟು ಇನ್ನೊಂದು ಊರಿಗೆ ಹೋದಾಗಲೇ ಆ ಹೆಸರು ಬರುವುದು. ಧಾರವಾಡದ ಕಡೆ ಇದು ನಮಗೆ ಚೆನ್ನಾಗಿ ಗೊತ್ತು. ಗಂಗೂಬಾಯಿಯವರ ಹೆಸರಿನಲ್ಲಿ ಹಾನಗಲ್ಲು, ಮಲ್ಲಿಕಾರ್ಜುನರ ಹೆಸರಿನಲ್ಲಿ ಮನಸೂರು. ಬಿಟ್ಟು ಬಂದ ಊರೇ ಹೆಸರಾಗಿ ಜೊತೆಗೆ ಬರುತ್ತದೆ.

ಯೂರೋಪಿನ ಯಹೂದಿಗಳಲ್ಲಿ ಬಹಳ ಜನಕ್ಕೆ ಅಡ್ಡಹೆಸರೇ ಇರಲಿಲ್ಲ. ಇಂಥವನ ಮಗ ಇಂಥವನು ಅಂದರೆ ಮುಗಿಯಿತು, ನಮ್ಮ ದಕ್ಷಿಣ ಕರ್ನಾಟಕದ ಹಾಗೇ. ತೆರಿಗೆ ಹಾಕಲು, ಸೈನ್ಯಕ್ಕೆ ಸೇರಿಸಲು ಸರಕಾರಕ್ಕೆ ಪಟ್ಟಿ ಬೇಕಾಯಿತು. ಆಸ್ಟ್ರಿಯಾ 1787ರಲ್ಲಿ, ರಷ್ಯಾ 1804ರಲ್ಲಿ, ಪ್ರಷ್ಯಾ 1812ರಲ್ಲಿ, ಎಲ್ಲ ಯಹೂದಿಗಳೂ ಒಂದು ಕಾಯಂ ಹೆಸರು ಇಟ್ಟುಕೊಳ್ಳಬೇಕು ಅಂತ ಕಾನೂನು ತಂದವು. ಕಚೇರಿಯ ಮೇಜಿನ ಮುಂದೆ ನಿಂತು ಒಬ್ಬ ಊರು ಹೇಳಿದ, ಒಬ್ಬ ಅಜ್ಜಿಯ ಹೆಸರು ಹೇಳಿದ, ಒಬ್ಬ ಕಸುಬು ಹೇಳಿದ. ಗುಮಾಸ್ತರು ಬರೆದುಕೊಂಡರು. ಆ ಕ್ಷಣದಲ್ಲಿ ಬಾಯಿಗೆ ಬಂದದ್ದು ಮುಂದಿನ ಇನ್ನೂರು ವರ್ಷಕ್ಕೆ ಮನೆತನವಾಯಿತು.

ಬರ್ಲಿನ್ ಊರಿನ ಹೆಸರಿಗೂ ಅಂಥದೇ ಒಂದು ಕಥೆ ಇದೆ. ಊರಿನ ಲಾಂಛನದಲ್ಲಿ ಕರಡಿ ಇರುವುದರಿಂದ ಕರಡಿಯಿಂದಲೇ ಹೆಸರು ಬಂತು ಅಂದುಕೊಳ್ಳುತ್ತಾರೆ. ಭಾಷೆ ಬಲ್ಲವರು ಹೇಳುವುದು ಬೇರೆ. ಜರ್ಮನರಿಗಿಂತ ಮೊದಲು ಅಲ್ಲಿದ್ದ ಸ್ಲಾವ್ ಜನರ ಮಾತಿನಲ್ಲಿ ಜೌಗು ನೆಲಕ್ಕೆ ಇದ್ದ ಪದದಿಂದ ಬಂದಿರಬೇಕು ಅನ್ನುತ್ತಾರೆ. ಕೆಸರಿನ ಊರು. ಕರಡಿ ಆಮೇಲೆ ಬಂದು ಸೇರಿಕೊಂಡಿತು.

ಚರ್ಚಿಲ್ ಮನೆಯ ಆ ಊಟದ ಹೊತ್ತಿಗೆ ಬರ್ಲಿನ್ ಅನ್ನುವ ಪದ ಬರೀ ಒಂದು ಊರಿನ ಹೆಸರಾಗಿ ಉಳಿದಿರಲಿಲ್ಲ. ಆ ಚಳಿಗಾಲದಲ್ಲಿ ಬ್ರಿಟನ್ನಿನ ವಿಮಾನಗಳು ರಾತ್ರಿಯ ಮೇಲೆ ರಾತ್ರಿ ಆ ಊರಿನ ಮೇಲೆ ಬಾಂಬು ಹಾಕುತ್ತಿದ್ದವು. ಹಿಟ್ಲರನ ರಾಜಧಾನಿ ಆ ಊರು. 1941ರಲ್ಲಿ ನಾಜಿಗಳು ರೀಗಾಕ್ಕೆ ಬಂದು ಅಲ್ಲಿದ್ದ ಯಹೂದಿಗಳನ್ನು ಕೊಂದಾಗ, ಐಸಾಯಾ ಅವರ ಇಬ್ಬರು ಅಜ್ಜಂದಿರೂ ಹಲವು ಬಂಧುಗಳೂ ಸತ್ತವರಲ್ಲಿ ಸೇರಿದ್ದರು. ಕೊಂದವರ ರಾಜಧಾನಿಯ ಹೆಸರೇ ಸತ್ತವರ ಮನೆತನದ ಹೆಸರು. ಇದನ್ನು ನಾನು ಮಕ್ಕಳಿಗೆ ಪಾಠದಲ್ಲಿ ಹೇಳುವಾಗ ತರಗತಿ ಸುಮ್ಮನಾಗುತ್ತದೆ.

ಐಸಾಯಾ ತಪ್ಪಿಸಿಕೊಂಡಿದ್ದರು. 1917ರ ಕ್ರಾಂತಿಯ ಹೊತ್ತಿಗೆ ಅವರ ಮನೆಯವರು ರಷ್ಯಾದ ಆಗಿನ ರಾಜಧಾನಿ ಪೆಟ್ರೋಗ್ರಾಡ್‌ನಲ್ಲಿದ್ದರು. ಏಳು ವರ್ಷದ ಹುಡುಗ ಬೀದಿಯಲ್ಲಿ ಒಂದು ದೃಶ್ಯ ನೋಡಿದ. ಒಬ್ಬ ಪೊಲೀಸಿನವನನ್ನು ಗುಂಪು ಎಳೆದುಕೊಂಡು ಹೋಗುತ್ತಿತ್ತು. ಮುಖ ಬಿಳಿಚಿಕೊಂಡು ಆತ ಒದ್ದಾಡುತ್ತಿದ್ದ. ಅವನು ಉಳಿಯುವುದಿಲ್ಲ ಅಂತ ನೋಡಿದವರಿಗೆ ಗೊತ್ತಾಗುವಂತಿತ್ತು. ಹಿಂಸೆಯ ಬಗ್ಗೆ ತನಗೆ ಜೀವಮಾನವಿಡೀ ಉಳಿದ ಹೇಸಿಗೆ ಅಲ್ಲಿಂದ ಶುರುವಾಯಿತು ಅಂತ ಅವರು ಹೇಳುತ್ತಿದ್ದರು. 1921ರಲ್ಲಿ ಮನೆಯವರೆಲ್ಲ ಇಂಗ್ಲೆಂಡಿಗೆ ಬಂದರು. ಒಬ್ಬ ಐ. ಬರ್ಲಿನ್ನಿಗೆ ಉರಿಯುವ ಮನೆ, ಇನ್ನೊಬ್ಬರಿಗೆ ಎಳೆದಾಡುವ ಗುಂಪು. ರಕ್ತದ ಸಂಬಂಧ ಇಲ್ಲದ ಇಬ್ಬರು ಒಂದೇ ಸಾಮ್ರಾಜ್ಯದಿಂದ ಹೀಗೆ ಹೊರಬಿದ್ದರು. ಒಬ್ಬರು ತಮ್ಮನ್ನು ಸೇರಿಸಿಕೊಂಡ ದೇಶವನ್ನು ದೇವರು ಹರಸಲಿ ಅಂತ ಹಾಡು ಬರೆದರು. ಇನ್ನೊಬ್ಬರು ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕಾದ ಜಾಗ ಎಷ್ಟು ಅಂತ ಅಳೆಯುತ್ತಾ ಕೂತರು. ನನಗೆ ಇವೆರಡೂ ಒಂದೇ ಭಯಕ್ಕೆ ಕೊಟ್ಟ ಎರಡು ಉತ್ತರದ ಹಾಗೆ ಕಾಣುತ್ತವೆ.

ಮರದ ವ್ಯಾಪಾರಿಯ ಮಗ ಐಸಾಯಾ ಮತ್ತೆ ಮತ್ತೆ ನೆನೆಯುತ್ತಿದ್ದ, ಜರ್ಮನಿಯ ತತ್ವಜ್ಞಾನಿ ಕಾಂಟ್‌ನ ಮಾತೊಂದಿದೆ. ಮನುಷ್ಯ ಅನ್ನುವ ಡೊಂಕು ಮರದಿಂದ ನೆಟ್ಟಗಿನದು ಏನನ್ನೂ ಮಾಡಲಿಕ್ಕೆ ಆಗಿಲ್ಲ ಅಂತ. ಲೋಕದ ಡೊಂಕನ್ನು ಒಂದೇ ಸಲಕ್ಕೆ ನೇರ ಮಾಡಲು ಹೊರಟವರನ್ನು ಕಂಡರೆ ಅವರಿಗೆ ಭಯ. ಒಳ್ಳೆಯದು ಅನ್ನುವುದು ಒಂದೇ ಅಲ್ಲ, ಹಲವು ಇವೆ. ನ್ಯಾಯ ಒಳ್ಳೆಯದು, ದಯೆ ಒಳ್ಳೆಯದು, ಸಮಾನತೆ ಒಳ್ಳೆಯದು. ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಒಂದನ್ನು ಹಿಡಿದರೆ ಇನ್ನೊಂದು ಸ್ವಲ್ಪ ಕೈಬಿಡುತ್ತದೆ. ಆ ನಷ್ಟವನ್ನು ನಷ್ಟ ಅಂತಲೇ ಒಪ್ಪಿಕೊಳ್ಳಿ ಅನ್ನುತ್ತಾರೆ. ನಾನು ಅವರನ್ನು ಬಹಳ ನಂಬುವುದು ಇಲ್ಲಿ.

ಇನ್ನುಳಿದ ಬರ್ಲಿನ್‌ಗಳಲ್ಲಿ ರುಡಾಲ್ಫ್ ಬರ್ಲಿನ್ ಜರ್ಮನಿಯ ಕಣ್ಣಿನ ಡಾಕ್ಟರು. ಓದುವ ಶಕ್ತಿ ಕಳೆದುಕೊಂಡ ದೊಡ್ಡವರನ್ನು ನೋಡಿ 1880ರ ದಶಕದಲ್ಲಿ ‘ಡಿಸ್ಲೆಕ್ಸಿಯಾ’ ಅನ್ನುವ ಪದ ಕೊಟ್ಟವರು. ನಫ್ತಾಲಿ ಬರ್ಲಿನ್ ಈಗಿನ ಬೆಲಾರೂಸಿನ ವೊಲೋಜಿನ್ ಅನ್ನುವ ಕಡೆ ದೊಡ್ಡ ಧರ್ಮಪಾಠಶಾಲೆ ನಡೆಸಿದ ಗುರು. ಅವರ ಮಗ ಮೀರ್ ಬರ್ಲಿನ್ ಪ್ಯಾಲೆಸ್ತೀನಿಗೆ ಹೋಗಿ, ಹಳೇ ಹೆಸರು ಬಿಟ್ಟು ಹೀಬ್ರೂವಿನಲ್ಲಿ ‘ಬಾರ್ ಇಲಾನ್’ ಅಂತ ಇಟ್ಟುಕೊಂಡರು. ಮರದ ಮಗ ಅಂತ ಅರ್ಥ. ಇಸ್ರೇಲ್‌ನಲ್ಲಿ ಆ ಹೆಸರಿನ ವಿಶ್ವವಿದ್ಯಾಲಯ ಇದೆ.

ಲೂಸಿಯಾ ಬರ್ಲಿನ್ ಬಗ್ಗೆ ಮಾತ್ರ ಇನ್ನೂ ಸ್ವಲ್ಪ ಹೇಳಬೇಕು. 1936ರಲ್ಲಿ ಅಲಾಸ್ಕಾದಲ್ಲಿ ಹುಟ್ಟಿದಾಗ ಅವರು ಲೂಸಿಯಾ ಬ್ರೌನ್. ಬರ್ಲಿನ್ ಅನ್ನುವುದು ಮೂರನೇ ಗಂಡನ ಹೆಸರು. ಆ ಮದುವೆಯೂ ಮುರಿಯಿತು. ನಾಲ್ಕು ಗಂಡುಮಕ್ಕಳನ್ನು ಸಾಕಲು ಮನೆಗೆಲಸ ಮಾಡಿದರು, ಆಸ್ಪತ್ರೆಯಲ್ಲಿ ದುಡಿದರು, ಪಾಠ ಹೇಳಿದರು. ನಡುವೆ ಸಣ್ಣಕಥೆ ಬರೆದರು. ದೂರಾದ ಗಂಡನ ಹೆಸರನ್ನೇ ಕಥೆಗಳ ಮೇಲೆ ಹಾಕಿ ಅದನ್ನು ತಮ್ಮದು ಮಾಡಿಕೊಂಡರು. 2004ರಲ್ಲಿ ತೀರಿಕೊಂಡರು. ಅವರನ್ನು ಲೋಕ ಓದತೊಡಗಿದ್ದು 2015ರಲ್ಲಿ. ಈಗ ಬರ್ಲಿನ್ ಅಂದರೆ ಕಥೆ ಓದುವವರಿಗೆ ಅವರೇ ಮೊದಲು ನೆನಪಾಗುವುದು.

ಐಸಾಯಾ ಅವರ ಆ ಉಪನ್ಯಾಸದ ಕೊನೆಯ ಕಡೆ ಒಂದು ಭಾಗ ಇದೆ. ಪರೀಕ್ಷೆಗೆ ಬರುವುದಿಲ್ಲ ಅಂತ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ. ಮನುಷ್ಯನಿಗೆ ಸ್ವಾತಂತ್ರ್ಯ ಅಲ್ಲದೆ ಇನ್ನೊಂದು ಹಸಿವಿದೆ ಅಂತ ಅಲ್ಲಿ ಹೇಳುತ್ತಾರೆ. ನನ್ನನ್ನು ಗುರುತಿಸಬೇಕು. ಯಾವುದೋ ಗುಂಪಿನ ಒಂದು ತಲೆ ಅಂತ ಎಣಿಸದೆ, ನಾನೂ ಒಬ್ಬ ಮನುಷ್ಯ ಅಂತ ನೋಡಬೇಕು. ನಾನು ಯಾರು ಅನ್ನುವುದು ನನ್ನೊಬ್ಬನ ಕೈಯಲ್ಲಿಲ್ಲ, ಸುತ್ತಲಿನವರು ನನ್ನನ್ನು ಹೇಗೆ ಕಾಣುತ್ತಾರೆ ಅನ್ನುವುದರಲ್ಲೂ ಇದೆ. ಇದನ್ನು ಸ್ವಾತಂತ್ರ್ಯ ಅಂತ ಕರೆಯಬೇಡಿ, ಎರಡನ್ನೂ ಕಲಸಬೇಡಿ ಅಂತ ಅವರು ಎಚ್ಚರಿಸುತ್ತಾರೆ. ಆದರೆ ಆ ಹಸಿವು ಎಷ್ಟು ಆಳದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರದೆ ಇರುತ್ತದೆಯೇ.

ಇಲ್ಲಿಗೆ ಬಂದಾಗ ನನಗೆ ನನ್ನ ಅಪ್ಪ ನೆನಪಾಗುತ್ತಾರೆ.

ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ. ಮೊದಲನೆಯದು ಊರು, ಎರಡನೆಯದು ಅಪ್ಪ. ಆ ಊರು ನಮ್ಮೂರಲ್ಲ. ಅಪ್ಪನಿಗೆ ನಾಲ್ಕು ವರ್ಷ ಆಗುವಾಗ ಅವರ ತಾಯಿ ತೀರಿಕೊಂಡರು. ತಾಯಿಯ ಅಕ್ಕ, ಅಪ್ಪನ ದೊಡ್ಡಮ್ಮ, ಬಂದು ಹುಡುಗನನ್ನು ತನ್ನ ಊರಿಗೆ ಕರೆದುಕೊಂಡು ಹೋದರು. ನಾನು ಅವರನ್ನು ದೊಡ್ಡಜ್ಜಿ ಅನ್ನುತ್ತಿದ್ದೆ. ಮಕ್ಕಳಿಲ್ಲದ ಮನೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ‘ಯಾವೂರು ನಿಂದು?’ ಅಂದರು. ಹುಡುಗ ತಾನಿದ್ದ ಊರಿನ ಹೆಸರು ಹೇಳಿದ. ಮೇಷ್ಟ್ರು ಬರೆದುಕೊಂಡರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಕೆಲಸದ ಪತ್ರಕ್ಕೆ, ಮನೆಯ ಕಾಗದಕ್ಕೆ, ಆಮೇಲೆ ನನಗೆ, ಅದೇ ಊರು ಬಂತು.

ಅಪ್ಪನ ತಂದೆಯ ಕಡೆಯವರಿಗೆ ಇದರ ಬಗ್ಗೆ ಬೇಸರ ಇತ್ತು. ಮದುವೆ ಮುಂಜಿಯಲ್ಲಿ ಸೇರಿದಾಗ ಯಾರಾದರೂ ಒಬ್ಬರು ಎತ್ತುತ್ತಿದ್ದರು. ‘ಅಲ್ಲಪ್ಪಾ, ಹುಟ್ಟಿದ ಊರು ಬಿಟ್ಟು ಆ ಊರು ಯಾಕೆ ಇಟ್ಕೊಂಡೆ? ಅಫಿಡವಿಟ್ ಮಾಡ್ಸಿ ಬದಲಾಯಿಸ್ಕೋ.’ ಅಪ್ಪ ಜಾಸ್ತಿ ಮಾತಿನವರಲ್ಲ. ‘ಅನ್ನ ಹಾಕಿದ ಊರು ಅದು’ ಅನ್ನುತ್ತಿದ್ದರು. ಅಷ್ಟಕ್ಕೇ ಮಾತು ನಿಲ್ಲುತ್ತಿತ್ತು. ಮದುವೆಯಾದಾಗ ನನಗೂ ಗಂಡನ ಹೆಸರು ಸೇರಿಸಿಕೋ ಅಂದವರಿದ್ದರು. ನಾನು ಅಪ್ಪನ ಮಾತನ್ನೇ ಹೇಳಿದೆ.

ಪಾಸ್‌ಪೋರ್ಟ್ ಮಾಡಿಸುವಾಗ ಕೊನೆಯ ಹೆಸರಿನ ಜಾಗದಲ್ಲಿ ಆ ಊರಿನ ಇನಿಷಿಯಲ್ಲನ್ನು ಬಿಡಿಸಿ ಪೂರ್ತಿ ಬರೆದೆ. ಮಗಳ ಹೆಸರಿಗೂ ಅದನ್ನೇ ಹಾಕಿದೆವು. ಅವಳೀಗ ಹೊರದೇಶದಲ್ಲಿ ಓದುತ್ತಿದ್ದಾಳೆ. ಅಲ್ಲಿನ ಮೇಷ್ಟ್ರುಗಳು ಅವಳನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಇನ್ನೂರು ಮನೆಯ ಒಂದು ಹಳ್ಳಿಯ ಹೆಸರು, ಅದನ್ನು ನೋಡದ ಜನರ ಬಾಯಲ್ಲಿ, ತಪ್ಪು ಉಚ್ಚಾರದಲ್ಲಿ. ಫೋನಿನಲ್ಲಿ ಒಂದು ದಿನ ಅವಳು ಕೇಳಿದಳು, ‘ಅಮ್ಮಾ, ನಾವು ಯಾವತ್ತಾದ್ರೂ ಆ ಊರಿಗೆ ಹೋಗಿದ್ದೀವಾ?’

ಹೋಗಿರಲಿಲ್ಲ. ದೊಡ್ಡಜ್ಜಿ ಕೊನೆಯ ವರ್ಷಗಳನ್ನು ನಮ್ಮ ಮನೆಯಲ್ಲೇ ಕಳೆದಿದ್ದರು. ಅವರು ಹೋದ ಮೇಲೆ ಆ ಕಡೆ ಯಾರೂ ಉಳಿದಿರಲಿಲ್ಲ. ಕಳೆದ ವರ್ಷ ಅಪ್ಪನ ತಿಥಿ ಮುಗಿದ ಮಾರನೇ ದಿನ ಬೆಳಗ್ಗೆ ಬಸ್ಸು ಹತ್ತಿದೆ. ಹಳ್ಳಿಯ ಹೆಸರಿನ ಹಳದಿ ಬೋರ್ಡು ರಸ್ತೆ ಬದಿಯಲ್ಲಿ ಕಂಡಾಗ ಒಂದು ಕ್ಷಣ ನನ್ನ ಹೆಸರನ್ನೇ ಯಾರೋ ಕಲ್ಲಿಗೆ ಬರೆದಿಟ್ಟ ಹಾಗೆ ಅನಿಸಿತು. ಇಳಿದೆ. ಶಾಲೆ ಹೊಸದಾಗಿತ್ತು. ಅರಳಿಕಟ್ಟೆಯ ಎದುರಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಯಾರ ಪೈಕಿ ತಾಯಿ ನೀನು?’

ಅಪ್ಪನ ಹೆಸರು ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಅಪ್ಪ ಮಾಡುತ್ತಿದ್ದ ಕೆಲಸ ಹೇಳಿದೆ. ತಲೆ ಅಲ್ಲಾಡಿಸಿದರು. ಆಮೇಲೆ ದೊಡ್ಡಜ್ಜಿಯ ಹೆಸರು ಹೇಳಿದೆ.

ಅಜ್ಜಿಯ ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದರು. ‘ಅವಳ ಪೈಕಿಯಾ? ಮತ್ತೆ ಬೀದೀಲಿ ಯಾಕೆ ನಿಂತಿದೀಯ? ಬಾ, ಕೂತ್ಕೋ’ ಅಂದರು.